ಸಾಹೇಬ್ರ ಹೊಲದ ಚರಗ

ನಮ್ಮ ಆಫೀಸಿನ್ಯಾಗ ಯಾರ ನೌಕರಿ ಗಟ್ಟಿ, ಯಾರದು ಅಲ್ಲಾಡಾಕತ್ತೈತಿ ಅನ್ನೋದು ಎಳ್ಳ ಅಮಾಸಿ ಬಂದ್ರ ತಿಳಿತಿತ್ತು. ಬೀಜದ ಕಂಪನಿ, ಕುಂದಗೋಳದ ಶಾಖೆ. ನಮ್ಮ ಸಾಹೇಬ್ರು ಪ್ರತಿ ವರ್ಷ ಅಮಾಸಿಗೆ ತಮ್ಮ ಹೊಲಕ್ಕ ಚರಗದ ಊಟಕ್ಕ ಕರೀತಿದ್ರು. ಭೂಮಿತಾಯಿಗೆ ಎಡಿ ಹಿಡಿದು, ಬೆಳಿಯೊಳಗ ಅನ್ನ ಪಲ್ಯ ಚೆಲ್ಲಿ, ಅಲ್ಲೇ ಕುಂತು ಉಣ್ಣೂ ಹಬ್ಬ. ಯಾರನ್ನ ಕರೀಲಿಲ್ಲೋ ಅವರು ಸ್ವಲ್ಪ ದಿನದಾಗ ಗಂಟುಮೂಟಿ ಕಟ್ಟತಿದ್ರು. ಆ ವರ್ಷ ನನ್ನನ್ನ ಕರೀಲಿಲ್ಲ.

ಆಗಿದ್ದು ಇಷ್ಟ. ಮಗಳಿಗೆ ಜ್ವರ ಬಂದಿತ್ತು. ರಜಾ ಕೇಳಬೇಕಂದ್ರ ಸಾಹೇಬ್ರ ಫೋನ್ ಬಂದ್. ಹುಬ್ಬಳ್ಳಿಯ ದೊಡ್ಡ ಸಾಹೇಬ್ರಿಗೆ ಒಂದು ಮೆಸೇಜ್ ಹಾಕಿ ಮನ್ಯಾಗ ಉಳದೆ. ಅವರು ನಮ್ಮ ಸಾಹೇಬ್ರಿಗೆ, "ನಿನ್ನ ಫೋನ್ ಯಾಕ ಬಂದ್ ಇರ್ತೈತಿ?" ಅಂತ ಝಾಡಿಸಿದ್ರಂತ. ಮರುದಿನ ಸಾಹೇಬ್ರು, "ನನ್ನ ಬಿಟ್ಟು ಮ್ಯಾಲಿನವರಿಗೆ ಹೇಳೂವಷ್ಟು ದೊಡ್ಡಾಕಿ ಆದಿ ಏನವಾ?" ಅಂದ್ರು. ಆಮ್ಯಾಲ ಮಾತು ಬಿಟ್ರು. ಅವರು ಬಿಟ್ಟದ್ದಕ್ಕ ಎಲ್ಲಾರೂ ಬಿಟ್ರು.

ಚಾ ಬಂದ್ರ ನನ್ನ ಟೇಬಲ್ ದಾಟಿ ಹೋಗ್ತಿತ್ತು. ನನ್ನ ಕೆಲಸ ಬ್ಯಾರೆಯವರ ಕೈಗೆ ಹೋತು. "ಸುಮ್ನ ಕುಂತು ಪಗಾರ ತಗೊಳ್ಳಾಕ ಪುಣ್ಯಾ ಮಾಡಿರಬೇಕಲೇ," ಅಂತ ಗಂಡ ಚಾಷ್ಟಿ ಮಾಡಿದ. ಅಂವಗೇನ ಗೊತ್ತು, ಮಣ್ಣು? ಮೊದಮೊದಲು ಬಾತ್‌ರೂಮಿಗೆ ಹೋಗಿ ಅಳ್ತಿದ್ದೆ. ಆಮ್ಯಾಲ ಅಳೂನೂ ಬರಲಿಲ್ಲ. ಹಲ್ಲು ಕೀಳಾಕ ಸೂಜಿ ಚುಚ್ಚಿದ ಮ್ಯಾಲ ದವಡಿ ಹೆಂಗ ಜೋಮು ಹಿಡಿತೈತಿ, ಹಂಗ ಆಗಿದ್ದೆ.

ನನ್ನನ್ನ ಅಳ್ನಾವರದ ಡಿಪೋಕ್ಕ ಹಾಕ್ತಾರ ಅಂತ ಸುದ್ದಿ ಎದ್ದಿತು. ಕುಂದಗೋಳ ಎಲ್ಲಿ, ಅಳ್ನಾವರ ಎಲ್ಲಿ! ದಿನಾ ಹೋಗಿ ಬರೂದು ಆಗದ ಮಾತು. ನೌಕರಿ ಬಿಡಬೇಕು, ಇಲ್ಲಾ ಮಗಳನ್ನ ಇಲ್ಲೇ ಬಿಟ್ಟು ಅಲ್ಲೊಂದು ಖೋಲಿ ಹಿಡೀಬೇಕು.

ಬಾಜು ಟೇಬಲ್ಲಿನ ಅಕ್ಕ ಒಬ್ಬಾಕಿ ಮಾತ್ರ ಕದ್ದು ಮಾತಾಡ್ತಿದ್ಲು. ನಾ ಸೇರಿದಾಗಿನಿಂದ ನಮ್ಮಿಬ್ಬರ ಡಬ್ಬಿ ಕೂಡೇ ಬಿಚ್ಚೂದು, ಆಕಿ ರೊಟ್ಟಿ ನನಗ, ನನ್ನ ಚಪಾತಿ ಆಕಿಗೆ. ನನ್ನ ಮಗಳು ಆಕಿ ತೊಡಿ ಮ್ಯಾಲ ಆಡಿದಾಕಿ. "ಚರಗದ ದಿನ ಉಂಡ ಮ್ಯಾಲ ಸಾಹೇಬ್ರು ಮೆತ್ತಗಿರ್ತಾರ. ಆಗ ನಿನ್ನ ವಿಷಯ ತಗೀತೀನಿ, ವರ್ಗಾ ನಿಲ್ಲಿಸ್ರಿ ಅಂತೀನಿ. ನೀ ಸುಮ್ನಿರು," ಅಂದ್ಲು. ಅದೊಂದ ನಂಬಿ ಕುಂತಿದ್ದೆ.

ಅಮಾಸಿ ದಿನ ನಾವೂ ನಮ್ಮ ಹೊಲದಾಗ ಚರಗ ಚೆಲ್ಲಿ, ಉಂಡು, ಮನಿಗೆ ಹೊಂಟಿದ್ವಿ. ನಾನು, ಗಂಡ, ಮಗಳು. ಸಾಹೇಬ್ರ ಹೊಲ ಅದ ದಾರಿ ಮ್ಯಾಲ, ಬ್ಯಾರೆ ದಾರಿ ಇಲ್ಲ. ಬನ್ನಿ ಗಿಡದ ನೆರಳಾಗ ಇಡೀ ಆಫೀಸು ಸಾಲಾಗಿ ಉಣ್ಣಾಕ ಕುಂತಿತ್ತು. ಮಾರಿ ತಿರುವಿ ದಾಟೂಣು ಅಂತಿದ್ದೆ. ಸಾಹೇಬ್ರ ಅವ್ವ ಬದುವಿನ ಮ್ಯಾಲ ಬಂದು, "ಯವ್ವಾ, ಚರಗದ ದಿನ ಹಂಗ ಹೋಗ್ತಾರೇನ? ಉಂಡು ಹೋಗು ಬಾ," ಅಂತ ಕೈ ಹಿಡದ್ಲು. ಇಷ್ಟು ವರ್ಷ ದೊಡ್ಡ ಮಗನ ಊರಾಗಿದ್ದ ಆಕಿಗೆ ನಾ ಯಾರಂತ ಗೊತ್ತಿಲ್ಲ. ಆ ದಿನ ದಾರ್ಯಾಗ ಹೋಗೂವರನ್ನ ಕರೀದ ಬಿಡಬಾರದು, ಕರದ್ರ ಒಲ್ಲೆ ಅನ್ನಬಾರದು. ಹೊಟ್ಟಿ ತುಂಬೇತ್ರಿ ಅಂದ್ರೂ ಕೇಳಲಿಲ್ಲ. ಸಾಹೇಬ್ರು ನಮ್ಮನ್ನ ನೋಡಿ ತಾಟಿನ ಕಡಿ ಮಾರಿ ತಿರುವಿದ್ರು. ಸಾಲಿನ ತುದಿಗೆ ಕುಂತ್ವಿ.

ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗಿ ಬಂದ್ವು. ಯಾರೂ ನನ್ನ ಕಡಿ ನೋಡಲಿಲ್ಲ. ಮಗಳು ಅಕ್ಕನ್ನ ಕಂಡು ಓಡಿಹೋಗಿ ಆಕಿ ಸೆರಗು ಹಿಡದ್ಲು.

"ನಿನಗ ಇವರ ಗುರುತು ಐತೇನವಾ?" ಅಂತ ಸಾಹೇಬ್ರ ಅವ್ವ ಅಕ್ಕನ್ನ ಕೇಳಿದ್ಲು.

ಅಕ್ಕ ಸಾಹೇಬ್ರ ಮಾರಿ ನೋಡಿದ್ಲು. ಮಗಳ ಕೈಯಿಂದ ಸೆರಗು ಬಿಡಿಸಿಕೊಂಡು, "ಇಲ್ರಿ ಅವ್ವಾರ, ಸಂತ್ಯಾಗ ಎಲ್ಲ್ಯೋ ನೋಡಿರಬೇಕು ಕೂಸು," ಅಂದ್ಲು.

ನನಗ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಾಯಾಗಿನ ಹೋಳಿಗಿ ಸಿಹಿಯೋ ಸಪ್ಪಗೋ ಒಂದೂ ತಿಳೀಲಿಲ್ಲ, ನುಂಗಿದೆ. ಇಕಿ ಇನ್ನ ನನ್ನ ವಿಷಯ ತಗಿಯಂಗಿಲ್ಲ ಅನ್ನೂದಷ್ಟ ತಿಳೀತು.

"ನೀ ಏನ ಮಾಡ್ತೀಯವಾ?" ಅಂತ ಆ ಅವ್ವ ನನ್ನ ಕಡಿ ತಿರುಗಿದ್ಲು.

"ನೌಕರಿ ಮಾಡ್ತೀನ್ರಿ."

"ಎಲ್ಲೆ?"

ರೊಟ್ಟಿ ಮುರಿಯಾಕತ್ತಿದ್ದ ಸಾಹೇಬ್ರ ಕೈ ನಿಂತಿತು.

"ಅಳ್ನಾವರದಾಗ್ರಿ," ಅಂದೆ.

"ಅಷ್ಟು ದೂರ? ಕೂಸಿನ್ನ ಯಾರ ನೋಡ್ತಾರ ಮತ್ತ?"

"ಇವರು ನೋಡ್ತಾರ್ರಿ," ಅಂತ ಗಂಡನ್ನ ತೋರಿಸಿದೆ. ವರ್ಗಾದ ಸುದ್ದಿ ಅಂವಗ ಗೊತ್ತಾಗಿದ್ದು ಅಲ್ಲೇ, ಉಣ್ಣಾಕ ಕುಂತಾಗ.