ವಾಲ್ವ್ ಎಲ್ಲಿದೆ, ನಕ್ಷೆ ಅಕ್ಕನನ್ನು ಕೇಳಿ

ಬೆಳಗಿನ ಐದೂವರೆ. ಬೀದಿ ದೀಪ ಇನ್ನೂ ಆರಿಲ್ಲ. ಐವತ್ತೆರಡು ವರ್ಷದ ಹೆಂಗಸೊಬ್ಬರು ರಬ್ಬರ್ ಬೂಟು ಹಾಕಿಕೊಂಡು, ಕಬ್ಬಿಣದ ಸರಳಿನಿಂದ ರಸ್ತೆಯಂಚನ್ನು ಕುಟ್ಟುತ್ತಾ ನಡೆಯುತ್ತಿದ್ದಾರೆ. ಒಂದು ಕಡೆ ಸದ್ದು ಬದಲಾಗುತ್ತದೆ. ಮಣ್ಣು ಕೆರೆದರೆ ಮುಚ್ಚಳ, ಅದರಡಿ ನೀರಿನ ಕೊಳವೆಯ ವಾಲ್ವ್. ಪಕ್ಕದ ಮನೆಯ ಗೋಡೆಯ ಮೂಲೆಯಿಂದ ಟೇಪು ಹಿಡಿದು ಅಳೆದು ಬರೆದುಕೊಳ್ಳುತ್ತಾರೆ. ಆಮೇಲೆ ಜೊತೆಗೆ ಬಂದ ನನಗೆ ಫೋನಿನ ನಕ್ಷೆ ತೋರಿಸಿ ನಗುತ್ತಾರೆ. "ಇದರ ಪ್ರಕಾರ ನಾವಿಬ್ಬರೂ ಈಗ ಇವರ ಮನೆ ಹಾಲ್‌ನಲ್ಲಿ ನಿಂತಿದೀವಿ. ಅದಕ್ಕೇ ಟೇಪು ಬಿಡಲ್ಲ ನಾನು."

ನೀರು ಸರಬರಾಜು ಕಚೇರಿಯಲ್ಲಿ ಅಧಿಕಾರಿಯಿಂದ ಕಾವಲುಗಾರನವರೆಗೆ ಎಲ್ಲರಿಗೂ ಇವರು 'ನಕ್ಷೆ ಅಕ್ಕ'. ಕಾಗದದ ನಕ್ಷೆಗಳ ನಕಲು ತೆಗೆಯುವ ಕೆಲಸಕ್ಕೆ ಸೇರಿದವರು. ಆಗ ಅರ್ಧ ನಕ್ಷೆ ಗೆದ್ದಲ ಹೊಟ್ಟೆಯಲ್ಲಿತ್ತು, ಉಳಿದರ್ಧ ಹಳೇ ನೌಕರರ ತಲೆಯಲ್ಲಿತ್ತು. ಹನ್ನೊಂದು ವರ್ಷದ ಹಿಂದೆ ಮೂಲೆಯ ಕೋಣೆಗೆ ಕಂಪ್ಯೂಟರ್ ಬಂತು, ಅದರಲ್ಲಿ ನಕ್ಷೆಯ ತಂತ್ರಾಂಶ. ಅಂದಿನಿಂದ ಒಂದು ದಿನ ಮೂರು, ಒಂದು ದಿನ ಸೊನ್ನೆ ಎಂಬಂತೆ 2,316 ವಾಲ್ವ್‌ಗಳನ್ನು ಹುಡುಕಿ ಅದಕ್ಕೆ ಸೇರಿಸಿದ್ದಾರೆ. ಜೊತೆಗೆ ಕತ್ತು ನೋವೂ ಬಂದಿದೆ.

ಎಡವಟ್ಟೆಂದರೆ, ಆ ತಂತ್ರಾಂಶ ಇರುವುದು ಅದೊಂದೇ ಕಂಪ್ಯೂಟರಿನಲ್ಲಿ. ಬಳಸಲು ಬರುವುದು ಇವರೊಬ್ಬರಿಗೆ. ಹೀಗಾಗಿ ಎಲ್ಲಿ ಪೈಪ್ ಒಡೆದರೂ ರಿಪೇರಿ ತಂಡದ ಮೇಸ್ತ್ರಿಯಿಂದ ಅಕ್ಕನಿಗೆ ಫೋನ್. ಮಗಳ ಮೊದಲ ಹೆರಿಗೆಗೆ ಹೋದಾಗಲೂ ಬಿಡಲಿಲ್ಲ. "ಆಸ್ಪತ್ರೆ ವರಾಂಡದಲ್ಲಿ ಈ ಕಿವಿಗೆ ಮೇಸ್ತ್ರಿ, ಆ ಕಿವಿಗೆ ಮೊಮ್ಮಗಳ ಅಳು. 'ಎಡಕ್ಕೆ ಅಗೆಯೋ' ಅಂತ ನಾನು ಕೂಗಿದ್ದಕ್ಕೆ ನರ್ಸ್ ಹೆದರಿಬಿಟ್ಟಳು." ಮುಂದಿನ ವಾರ ಮಗಳಿಗೆ ಎರಡನೆಯ ಹೆರಿಗೆ. ಹದಿನೈದು ದಿನ ರಜೆ ಕೇಳಿದ್ದಾರೆ. ಅಧಿಕಾರಿ ಒಂದು ಷರತ್ತು ಹಾಕಿದ್ದಾರೆ: ಮೇಸ್ತ್ರಿಯ ತಂಡ ಒಂದು ರಿಪೇರಿಗಾದರೂ ಅಕ್ಕನನ್ನು ಕೇಳದೆ ಸರಿಯಾದ ವಾಲ್ವ್‌ಗಳನ್ನು ಹುಡುಕಿ ಮುಚ್ಚಿ ತೋರಿಸಬೇಕು.

ಅದಕ್ಕೆಂದೇ ಈಗ ನಕ್ಷೆಯನ್ನು ವೆಬ್‌ಗೆ ಏರಿಸಲಾಗಿದೆ. ಮೊದಲ ದಿನ ಅಕ್ಷಾಂಶ, ರೇಖಾಂಶ ಅದಲುಬದಲಾಗಿ ಊರಿನ ಪೈಪುಗಳೆಲ್ಲ ಸಮುದ್ರದ ನಡುವೆ ಹೋಗಿ ಕೂತಿದ್ದವಂತೆ. "ಮೇಸ್ತ್ರಿ ಫೋನ್ ಮಾಡಿ, 'ದೋಣಿ ತರಿಸಲಾ ಅಕ್ಕ' ಅಂತಾನೆ," ಎಂದು ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಹಾಗಾದರೆ ಕಂಪ್ಯೂಟರಿನ ನಕ್ಷೆ, ವೆಬ್ ನಕ್ಷೆ ಎರಡರಲ್ಲಿ ಯಾವುದು ಮೇಲು? "ವೆಬ್ ನಕ್ಷೆ ಎಲ್ಲರ ಜೇಬಲ್ಲೂ ಇರುತ್ತೆ. ಮೇಸ್ತ್ರಿ ಅಲ್ಲಿ ಗುರುತು ಹಾಕಿದ್ರೆ ನಂಗೆ ಇಲ್ಲಿ ಕಾಣುತ್ತೆ. ಆದ್ರೆ ಸಿಗ್ನಲ್ ಹೋಯ್ತು ಅಂದ್ರೆ ಕಥೆ ಮುಗೀತು. ಯಾವ ವಾಲ್ವ್ ಮುಚ್ಚಿದ್ರೆ ಎಷ್ಟು ಮನೆಗೆ ನೀರು ನಿಲ್ಲುತ್ತೆ ಅನ್ನೋ ದೊಡ್ಡ ಲೆಕ್ಕ, ಗೆರೆ ತಿದ್ದೋ ಸೂಕ್ಷ್ಮ ಕೆಲಸ, ಇವೆಲ್ಲ ನಮ್ಮ ಈ ಮುದುಕಪ್ಪಂದೇ," ಎಂದು ಕಂಪ್ಯೂಟರಿನ ನೆತ್ತಿ ಸವರುತ್ತಾರೆ. "ಇದು ಅಡುಗೆಮನೆ, ಅದು ಊಟದ ಮೇಜು. ಮೇಜು ಬಂತು ಅಂತ ಯಾರಾದ್ರೂ ಒಲೆ ಕೀಳ್ತಾರಾ?"

ಪರೀಕ್ಷೆ ನಡೆಯುವುದು ಇವತ್ತೇ, ಹತ್ತು ಗಂಟೆಗೆ. ಇಳಿಜಾರಿನ ಬೀದಿಯಲ್ಲಿ ಪೈಪ್ ಸೋರುತ್ತಿದೆ. ಪಕ್ಕದ ಆಸ್ಪತ್ರೆಗೆ ನೀರು ನಿಲ್ಲದಂತೆ ಮೂರು ವಾಲ್ವ್ ಮುಚ್ಚಬೇಕು. ಅಕ್ಕ ಪರದೆಯ ಮುಂದೆ ಕೈಕಟ್ಟಿ ಕೂತಿದ್ದಾರೆ, ಅಧಿಕಾರಿ ಹಿಂದೆ ನಿಂತಿದ್ದಾರೆ. ಮೇಸ್ತ್ರಿ ವಾಲ್ವ್ ಮುಚ್ಚಿ ಫೋನಿನಲ್ಲಿ ಗುರುತು ಹಾಕುತ್ತಿದ್ದಂತೆ ಮೊದಲ ಚುಕ್ಕಿ ಕೆಂಪಾಗುತ್ತದೆ. ಎರಡನೆಯದೂ ಕೆಂಪಾಗುತ್ತದೆ. ಮೂರನೆಯದು ಆಗುವುದಿಲ್ಲ. ಐದು ನಿಮಿಷ. ಅಕ್ಕನ ಕೈ ಫೋನಿನತ್ತ ಹೋಗಿ ಹಿಂದೆ ಬರುತ್ತದೆ. "ಆ ವಾಲ್ವ್ ಇರೋ ಹಳ್ಳದಲ್ಲಿ ಸಿಗ್ನಲ್ ಇಲ್ಲ, ಗುರುತು ಹಾಕೋಕೆ ಮೇಲಕ್ಕೆ ಹತ್ತಬೇಕು," ಎಂದು ತಮಗೆ ತಾವೇ ಗೊಣಗುತ್ತಾರೆ. ಏಳನೆಯ ನಿಮಿಷಕ್ಕೆ ಚುಕ್ಕಿ ಕೆಂಪಾಗುತ್ತದೆ. ಅಧಿಕಾರಿ ಆಸ್ಪತ್ರೆಗೆ ಫೋನ್ ಮಾಡಿ ನಲ್ಲಿಯಲ್ಲಿ ನೀರು ಬರುತ್ತಿದೆಯೆಂದು ಖಚಿತ ಮಾಡಿಕೊಂಡು, ರಜೆ ಅರ್ಜಿಗೆ ಸಹಿ ಹಾಕುತ್ತಾರೆ.

ಅಷ್ಟರಲ್ಲಿ ಅಕ್ಕನ ಫೋನ್ ರಿಂಗಾಗುತ್ತದೆ. ಮೇಸ್ತ್ರಿ. ಅಕ್ಕ ಅಧಿಕಾರಿಯ ಮುಖ ನೋಡಿ, ಸ್ಪೀಕರ್ ಒತ್ತಿ, "ಏನಾಯ್ತೋ? ಏನು ಕೇಳಬೇಕು?" ಎನ್ನುತ್ತಾರೆ.

"ಕೇಳೋಕೇನೂ ಇಲ್ಲ ಅಕ್ಕ," ಎನ್ನುತ್ತಾನೆ ಮೇಸ್ತ್ರಿ. "ಅದನ್ನ ಹೇಳೋಣ ಅಂತಲೇ ಮಾಡಿದೆ."