ಹಾಲಿಗೊಂದು ಸಾಕ್ಷಿ

ಒಂದು ವಾರದಿಂದ ನನಗೆ ಕೆಮ್ಮು. ಕೇಳಿ ಕೇಳಿ ಬೇಸರ ಬಂತೋ ಕನಿಕರ ಬಂತೋ, ಪಕ್ಕದ ಮನೆಯ ಸೊಸೆ ಇವತ್ತು ಬೆಳಗ್ಗೆ ಸ್ಟೀಲ್ ಲೋಟದ ತುಂಬ ಮೇಕೆ ಹಾಲು ತಂದು, "ಕಾಯ್ಸಿ ಕುಡೀರಿ ಅಜ್ಜಿ, ಕೆಮ್ಮಿಗೆ ಒಳ್ಳೇದು" ಎಂದು ಇಟ್ಟು ಹೋದಳು. ಅವಳು ಗೇಟು ದಾಟುವವರೆಗೂ ಕಾದೆ. ಆಮೇಲೆ ಹಾಲಿನಲ್ಲಿ ಬೆರಳದ್ದಿ ಒಂದು ತೊಟ್ಟನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು ನೋಡಿದೆ. ನಿಂತರೆ ಗಟ್ಟಿ ಹಾಲು, ಹರಿದರೆ ನೀರು ಬಿದ್ದ ಹಾಲು. ಬಿಟ್ಟಿಯಾಗಿ ಕೊಡುವ ಹಾಲಿಗೆ ಯಾರು ನೀರು ಬೆರೆಸುತ್ತಾರೆ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ, ಆದರೆ ಉಗುರು ನೋಡಿದ ಮೇಲೆ.

ನಾನು ಹುಟ್ಟಾ ಅನುಮಾನದವಳು. ಸೊಪ್ಪಿನವಳು ಕಂತೆ ಕೊಟ್ಟರೆ ಬಿಚ್ಚಿ ಒಳಗೆ ನೋಡದೆ ತೆಗೆದುಕೊಂಡವಳಲ್ಲ. ಮಂಗಳಾರತಿ ತಟ್ಟೆಯ ಕರ್ಪೂರವನ್ನೂ ಮೂಸಿ ನೋಡುವವಳು ಎಂದು ನಮ್ಮ ಯಜಮಾನರು ನಗುತ್ತಿದ್ದರು. ಅವರು ನಗುವುದರಲ್ಲಿ ಬೇರೇನಾದರೂ ಅರ್ಥವಿದೆಯೇ ಎಂದು ಅದನ್ನೂ ಯೋಚಿಸುತ್ತಿದ್ದೆ. ಈ ಗುಣದಿಂದ ನನಗೆ ಲಾಭವೂ ಆಗಿದೆ, ಇಲ್ಲವೆನ್ನುವುದಿಲ್ಲ. ಆದರೆ ಇವತ್ತು ಹಾಲು ಒಲೆಯ ಮೇಲೆ ಕಾದು ಆ ವಾಸನೆ, ಹಸಿ ಸೊಪ್ಪು ಮತ್ತು ಕೂದಲು ಬೆರೆತ ಆ ಬಿಸಿ ವಾಸನೆ, ಅಡುಗೆಮನೆ ತುಂಬಿದಾಗ ಲಾಭದ ಲೆಕ್ಕ ನೆನಪಿಗೆ ಬರಲಿಲ್ಲ. ಗಂಡನ ಊರಾದ ಹೊಳಲಿನ ಮನೆಯ ಹಿತ್ತಲು ಕಣ್ಣ ಮುಂದೆ ಬಂತು. ನಮ್ಮ ಮೇಕೆ ಚುಕ್ಕಿ ಬಂದಳು. ಅವಳ ಹಿಂದೆ ಅತ್ತಿಗೆಮ್ಮ ಬಂದರು.

ಅತ್ತಿಗೆಮ್ಮ ಎಂದರೆ ನಮ್ಮ ಯಜಮಾನರ ಅಕ್ಕ. ಹೆಸರು ನಿಂಗಮ್ಮ. ಯಲಿಯೂರಿಗೆ ಕೊಟ್ಟಿದ್ದರು. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡ ತೀರಿಹೋಗಿ, ಮಕ್ಕಳಿಲ್ಲದೆ, ತಮ್ಮನ ಮನೆಗೆ ವಾಪಸು ಬಂದವರು. ನಾನು ಸೊಸೆಯಾಗಿ ಹೋದಾಗ ನನಗೆ ಅತ್ತೆ ಇರಲಿಲ್ಲ. ಇದ್ದವರು ಇವರೇ. ಮಾತು ಕಡಿಮೆ, ಕೆಲಸ ಜಾಸ್ತಿ. ಮಾತು ಕಡಿಮೆ ಇರುವವರ ಮೇಲೆ ನನಗೆ ಮೊದಲಿಂದಲೂ ಒಂದು ಕಣ್ಣು. ಬಾಯಿ ಬಿಡದವರು ಒಳಗೆ ಏನನ್ನೋ ಇಟ್ಟುಕೊಂಡಿರುತ್ತಾರೆ ಎಂಬುದು ಆಗ ನನ್ನ ಸಿದ್ಧಾಂತ.

ಯುದ್ಧದ ಕಾಲ ಅದು. ಸೀಮೆಣ್ಣೆಗೆ ಸಾಲು ನಿಲ್ಲಬೇಕು, ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಡಬ್ಬ ಕಟ್ಟಿಕೊಂಡು ಕೆಮ್ಮುತ್ತ ಓಡುತ್ತಿದ್ದವು. ನಮ್ಮ ಕಡೆಗೆ ನಾಲೆಯ ನೀರು ಬಂದು ಕಬ್ಬು, ಭತ್ತ ಎಲ್ಲ ಆಗಿತ್ತು. ನೀರಿನ ಜೊತೆ ಸೊಳ್ಳೆಯೂ ಬಂದು ಮನೆಮನೆಗೂ ಚಳಿಜ್ವರ ಹಂಚಿತ್ತು. ಗೌರಿ ಹುಟ್ಟಿದ ಎರಡನೇ ತಿಂಗಳಿಗೆ ಅದು ನನ್ನನ್ನೂ ಹಿಡಿಯಿತು. ಕೊಯಿನಾ ಮಾತ್ರೆ ನುಂಗಿ ನುಂಗಿ ಕಿವಿ ಗುಂಯ್‌ಗುಟ್ಟಿತು, ಜ್ವರ ಬಿಟ್ಟಿತು, ಜ್ವರದ ಜೊತೆಗೆ ನನ್ನ ಎದೆಹಾಲೂ ಹೋಯಿತು. ಮನೆಯ ಎಮ್ಮೆ ಹಾಲನ್ನು ನೀರು ಮಾಡಿ ಕೊಟ್ಟರೆ ಮಗು ಕುಡಿದಷ್ಟನ್ನೂ ಕಕ್ಕುತ್ತಿತ್ತು. ಹಸು ಬತ್ತಿತ್ತು. ಗೌರಿಯ ಕೈಗಳು ದಿನದಿನಕ್ಕೆ ಸಣ್ಣಗಾಗುವುದನ್ನು ನೋಡಿ ನನಗೆ ಊಟ ಸೇರುತ್ತಿರಲಿಲ್ಲ.

ಮೇಕೆ ತನ್ನಿ ಎಂದವರು ಅತ್ತಿಗೆಮ್ಮ. "ಮ್ಯಾಕೆ ಆಲು ತೆಳ್ಳಗಿರ್ತದೆ, ಮಗೀಗೆ ದಕ್ತದೆ ಕಣ್ಲಾ. ಮೊದ್ಲು ಓಗಿ ತಗೊಂಡು ಬಾ" ಎಂದು ತಮ್ಮನನ್ನು ಎಬ್ಬಿಸಿ ಕಳಿಸಿದರು. ನಾನು ಮದ್ದೂರಿನ ಹತ್ತಿರದ ಊರಿನವಳು. ನಮ್ಮಪ್ಪನ ಮನೆಯವರು ಎಮ್ಮೆ ಬಿಟ್ಟು ಬೇರೇನೂ ಕಟ್ಟಿದವರಲ್ಲ. ಮೇಕೆ ಹಾಲು ಎಂದರೆ ಮೂಗು ಮುರಿಯುತ್ತಿದ್ದೆವು. ಆ ಮೂಗನ್ನು ಅವತ್ತು ಮಡಚಿ ಇಟ್ಟೆ.

ಯಜಮಾನರು ಮಳವಳ್ಳಿ ಸಂತೆಯಿಂದ ಚುಕ್ಕಿಯನ್ನು ಇದ್ದಿಲು ಬಸ್ಸಿನ ತಲೆಯ ಮೇಲೆ ಕೂರಿಸಿಕೊಂಡು ಬಂದರು. ಕಪ್ಪು ಮೈ, ಕಿವಿಯ ತುಂಬ ಬಿಳಿ ಚುಕ್ಕಿ, ನಮ್ಮನ್ನೆಲ್ಲ ಅಳೆದು ನೋಡುವ ಹಳದಿ ಕಣ್ಣು. ಮಾರಿದವನು ಬಹಳ ಹೊಗಳಿದ್ದನಂತೆ. ಕರೆಂಟು ತಯಾರಾಗುವ ಬ್ಲಫ್‌ ಊರಿನ ಆಫೀಸಿನವರ ಮನೆಗೆ ದಿನಾ ಇದರ ಹಾಲನ್ನೇ ಕೊಡುತ್ತಿದ್ದೆ ಎಂದನಂತೆ. ಅಷ್ಟು ಒಳ್ಳೆಯ ಮೇಕೆಯನ್ನು ಮಾರಿದ್ದೇಕೆ? ನಾನು ಕೇಳಿದೆ. ಯಜಮಾನರು ಮೇಕೆಯನ್ನು ಗೂಟಕ್ಕೆ ಕಟ್ಟತೊಡಗಿದರು.

ಅದಕ್ಕಿಂತ ನನ್ನ ಕಣ್ಣಿಗೆ ಚುಚ್ಚಿದ್ದು ಅದರ ಕೊರಳು. ಗೇಣುದ್ದದ ಬಿದಿರು ಕಡ್ಡಿಗಳನ್ನು ಸಾಲಾಗಿ ಕರಿ ದಾರದಲ್ಲಿ ಹೆಣೆದು ಕುತ್ತಿಗೆಯ ಸುತ್ತ ಕಟ್ಟಿದ್ದರು. ದಾರಕ್ಕೆ ನಡುನಡುವೆ ಗಂಟು ಬೇರೆ. "ಇದೇನು?" ಎಂದೆ. "ಬೇಲಿ ನುಗ್ಗದೆ ಇರ್ಲಿ ಅಂತ ಕಟ್ಟವ್ನೆ ಕಣೆ. ಬಿಚ್ಚಬ್ಯಾಡಿ ಸ್ವಾಮಿ ಅಂತ ಎಲ್ಡು ಸಲ ಏಳ್ದ" ಎಂದರು ಯಜಮಾನರು. ಒಂದು ಸಲ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಎರಡು ಸಲ ಎಂದ ಮೇಲೆ ನನಗೆ ಗೊತ್ತಾಗಿಹೋಯಿತು, ಅದು ಮಾಟ. ಯಾರದೋ ಮನೆಯ ಪೀಡೆಯನ್ನು ಮೇಕೆಯ ಕೊರಳಿಗೆ ಕಟ್ಟಿ ನಮ್ಮ ಮನೆಗೆ ಸಾಗಿಸಿದ್ದಾರೆ. ಆ ಹಾಲನ್ನು ನನ್ನ ಮಗು ಕುಡಿಯಬೇಕು. ಯಜಮಾನರು ಗದ್ದೆಗೆ ಹೋದರು, ಅತ್ತಿಗೆಮ್ಮ ಸೊಪ್ಪು ತರಲು ಹೋಗಿದ್ದರು. ಕುಡುಗೋಲಿನಲ್ಲಿ ದಾರ ಕೊಯ್ದು, ಕಡ್ಡಿಗಳನ್ನು ನೀರೊಲೆಗೆ ಹಾಕಿ, ಬೂದಿಯನ್ನು ಮೂರು ದಾರಿ ಕೂಡುವಲ್ಲಿ ಸುರಿದು, ಕೈಕಾಲು ತೊಳೆದುಕೊಂಡು ಬಂದೆ. ಸಂಜೆ ಯಜಮಾನರು ಕೇಳಿದ್ದಕ್ಕೆ, ಎಲ್ಲೋ ಬಿದ್ದೋಯ್ತು ಎಂದೆ. ಅತ್ತಿಗೆಮ್ಮ ಅದನ್ನು ಕಂಡಿರಲೇ ಇಲ್ಲ.

ಮೊದಲ ವಾರ ಚುಕ್ಕಿಯನ್ನು ಹೊಸ ಜಾಗ ಎಂದು ಗೂಟಕ್ಕೆ ಮೋಟು ಹಗ್ಗದಲ್ಲಿ ಕಟ್ಟಿದ್ದೆವು. ಅತ್ತಿಗೆಮ್ಮ ಅಗಸೆ ಸೊಪ್ಪು, ಗೊಬ್ಬಳಿ ಕಾಯಿ ತಂದು ಹಾಕಿ, ಎರಡು ಹೊತ್ತೂ ಕರೆಯುತ್ತಿದ್ದರು. ಹೊತ್ತಿಗೆ ಒಂದು ಚೊಂಬು ತುಂಬ, ಮೇಲೆ ನೊರೆ. ಅರ್ಧ ನೀರು ಬೆರೆಸಿ, ಚೂರು ಒಣಶುಂಠಿ ಹಾಕಿ ಕಾಯಿಸಿ, ಒಳಲೆಯಲ್ಲಿ ಗೌರಿಯ ಬಾಯಿಗೆ ಬಿಟ್ಟರೆ ಮಗು ಕಣ್ಣು ಮುಚ್ಚಿ ಗುಟುಕರಿಸುತ್ತಿತ್ತು. ಕಕ್ಕಲಿಲ್ಲ. ಮಿಕ್ಕದ್ದನ್ನು ನಾನು ಒಂದು ದಿನ ಹೆಪ್ಪು ಹಾಕಿದೆ. ಮೊಸರು ಸೌಟಿಗೇ ಸಿಗಲಿಲ್ಲ, ಬೆಲ್ಲದ ಕಾಫಿಗೆ ಹಾಕಿದರೆ ಯಜಮಾನರು ಲೋಟವನ್ನು ದೂರ ಸರಿಸಿದರು. ಮಗು ಮಾತ್ರ ಭೇದವೆಣಿಸದೆ ಕುಡಿದು ಹತ್ತು ದಿನಕ್ಕೆ ನಕ್ಕಿತು. ನಾನು ಅತ್ತುಬಿಟ್ಟೆ.

ಆಮೇಲೆ ಹಗ್ಗ ಉದ್ದವಾಯಿತು, ಚುಕ್ಕಿ ನಾಲೆ ಏರಿಯ ಮೇಲೆ ಮೇಯಲು ಹೋಗುವಂತಾಯಿತು. ಕರೆದುಕೊಂಡು ಹೋಗುವವರು ಅತ್ತಿಗೆಮ್ಮ. ಆವತ್ತಿನಿಂದ ಹಾಲು ಇಳಿಯಿತು. ಚೊಂಬು ಮುಕ್ಕಾಲಾಯಿತು, ಅರ್ಧವಾಯಿತು, ಮೂರನೇ ವಾರಕ್ಕೆ ತಳ ಮುಚ್ಚುವಷ್ಟಾಯಿತು. ಮೇವು ಕಡಿಮೆಯಾಗಿರಲಿಲ್ಲ, ಕಾಯಿಲೆಯಿರಲಿಲ್ಲ. ಹಾಗಾದರೆ ಹಾಲು ಎಲ್ಲಿ ಹೋಯಿತು?

ಇಂಥ ಪ್ರಶ್ನೆ ಸಿಕ್ಕರೆ ನನ್ನಂಥವಳಿಗೆ ಬೇರೆ ಕೆಲಸವೇ ಬೇಡ. ಚೊಂಬಿನ ಒಳಗೆ ಇದ್ದಿಲಿನಲ್ಲಿ ಗೆರೆ ಎಳೆದಿಟ್ಟೆ. ಅತ್ತಿಗೆಮ್ಮ ಬುತ್ತಿಯ ಜೊತೆ ಮಜ್ಜಿಗೆಗೆ ಒಯ್ಯುವ ಸಣ್ಣ ಕುಡಿಕೆಯನ್ನು ಅವರು ಬಂದ ಮೇಲೆ ಮೂಸಿದೆ. ಮಜ್ಜಿಗೆಯ ವಾಸನೆಯೇ ಇತ್ತು, ಚೆನ್ನಾಗಿ ತೊಳೆದಿದ್ದಾರೆ ಎಂದುಕೊಂಡೆ. ಅವರ ಕೆನ್ನೆ ಸ್ವಲ್ಪ ತುಂಬಿದಂತೆ ಕಂಡಿತು. ಒಂದು ಮಧ್ಯಾಹ್ನ ಚುಕ್ಕಿ ಹಿತ್ತಲಿಗೆ ಬಂದ ಕೂಡಲೇ ಕೆಚ್ಚಲು ಮುಟ್ಟಿದೆ. ಮೊಲೆ ಒದ್ದೆಯಾಗಿತ್ತು. ಆಗಷ್ಟೇ ಯಾರೋ ಕರೆದ ಹಾಗೆ ಒದ್ದೆ. ನನಗೆ ಅಷ್ಟು ಸಾಕಾಯಿತು.

ಗೌರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಹಿತ್ತಲ ಜಗುಲಿಯಲ್ಲಿ ಕೂತು ಅತ್ತಿಗೆಮ್ಮನನ್ನು ಕರೆದೆ. ಯಜಮಾನರು ನೇಗಿಲಿಗೆ ಏನೋ ಸರಿಮಾಡುತ್ತ ಅಲ್ಲೇ ಇದ್ದರು. "ಚುಕ್ಕಿ ಆಲು ಯಾರು ಕುಡೀತಾವ್ರೆ?" ಎಂದೆ. ಅವರು ನನ್ನನ್ನೇ ನೋಡಿದರು. "ನಂಗೂ ಅದೇ ಯೋಚ್ನೆ ಕಣವ್ವ" ಎಂದರು. ನನಗೆ ಮೈ ಉರಿಯಿತು. "ಅಂಗಾದ್ರೆ ಮಗೀನ ತಲೆ ಮ್ಯಾಲೆ ಕೈ ಮಡಗಿ ಏಳಿ, ಒಂದು ತೊಟ್ಟೂ ಬಾಯಿಗೆ ಆಕಿಲ್ಲ ಅಂತ."

ನಮ್ಮ ಕಡೆ ಮಗುವಿನ ತಲೆ ಮುಟ್ಟಿ ಮಾಡುವ ಆಣೆಗಿಂತ ದೊಡ್ಡದಿಲ್ಲ. ಮಾತು ಸುಳ್ಳಾದರೆ ಅದು ಮಗುವಿಗೆ ತಟ್ಟುತ್ತದೆ ಎಂಬ ನಂಬಿಕೆ. ನನ್ನದೇ ಮಗುವಿನ ಮೇಲೆ ಅಂಥ ಆಣೆ ಕೇಳಿದೆನಲ್ಲ, ಆಗ ನನ್ನ ಬುದ್ಧಿ ಎಲ್ಲಿತ್ತೋ. ಅತ್ತಿಗೆಮ್ಮ ಬಗ್ಗಿ ಕೈ ಚಾಚಿದರು. ಗೌರಿಯ ನೆತ್ತಿಯ ಹತ್ತಿರ ಕೈ ಬಂತು. ಅಲ್ಲಿ ನಿಂತಿತು. ನಿಧಾನವಾಗಿ ಹಿಂದಕ್ಕೆ ಹೋಯಿತು.

"ಆಗಕ್ಕಿಲ್ಲ ಕಣವ್ವ" ಎಂದರು.

"ನೋಡಿದ್ರಾ?" ಎಂದು ಯಜಮಾನರ ಕಡೆ ತಿರುಗಿದೆ. ಅವರು, "ಬುಡು, ಬುಡು ಅತ್ಲಾಗೆ" ಎಂದರೇ ಹೊರತು ಅಕ್ಕನ ಪರವಾಗಿ ಒಂದು ಮಾತಾಡಲಿಲ್ಲ. ಅದಕ್ಕೆ ಅವರು ಕೊನೆಯವರೆಗೂ ಪಶ್ಚಾತ್ತಾಪಪಟ್ಟರು. ಮರುದಿನ ಬೆಳಗ್ಗೆ ಅತ್ತಿಗೆಮ್ಮ ಚುಕ್ಕಿಗೆ ಸೊಪ್ಪು ಹಾಕಿ, ಎರಡು ಸೀರೆ ಗಂಟು ಕಟ್ಟಿಕೊಂಡು ಯಲಿಯೂರಿಗೆ, ಮೈದುನನ ಮನೆಗೆ ಹೊರಟರು. ಆ ಮನೆಯಲ್ಲಿ ಅವರಿಗೆ ಒಂದು ಮೂಲೆಯೂ ಇಲ್ಲ ಎಂಬುದು ನನಗೆ ಗೊತ್ತಿತ್ತು. ತಡೆಯಲಿಲ್ಲ.

ಇನ್ನು ಹಾಲು ಬರುತ್ತದೆ ಎಂದು ನಾನೇ ಕರೆಯಲು ಕೂತೆ. ಎಮ್ಮೆ ಕರೆದ ಕೈಗೆ ಮೇಕೆಯ ಮೊಲೆ ಒಗ್ಗಲಿಲ್ಲ, ಚುಕ್ಕಿ ಎರಡು ಸಲ ಒದ್ದಳು. ಆದರೂ ತಳ ಮುಚ್ಚುವುದಕ್ಕಿಂತ ಹೆಚ್ಚು ಬರಲಿಲ್ಲ. ಎರಡನೇ ದಿನವೂ ಹಾಗೇ. ಗೌರಿ ಖಾಲಿ ಒಳಲೆಯನ್ನು ಚೀಪಿ ಚೀಪಿ ಅತ್ತಳು. ಹಾಗಾದರೆ ಕಳ್ಳಿ ಇನ್ನೊಬ್ಬಳಿದ್ದಾಳೆ ಎಂದು ನನ್ನ ಅನುಮಾನ ಬೇಲಿ ಹಾರಿ ಪಕ್ಕದ ಮನೆಗೆ ಹೋಯಿತು, ನೋಡಿ. ಮೂರನೇ ದಿನ ಮಧ್ಯಾಹ್ನ, ಕೈಯಲ್ಲಿ ಕಡೆಗೋಲು ಹಿಡಿದು, ಹುಲ್ಲಿನ ಮೆದೆಯ ಹಿಂದೆ ಅಡಗಿ ಕೂತೆ.

ಸ್ವಲ್ಪ ಹೊತ್ತು ಚುಕ್ಕಿ ಮೆಲುಕು ಹಾಕಿದಳು. ಆಮೇಲೆ ಸುತ್ತ ಒಮ್ಮೆ ನೋಡಿದಳು. ಹಿಂಗಾಲು ಅಗಲಿಸಿ, ಕುತ್ತಿಗೆಯನ್ನು ಪಕ್ಕೆಗೆ ಮಡಿಸಿ, ತನ್ನ ಮೊಲೆಯನ್ನು ತಾನೇ ಬಾಯಿಗೆ ಹಾಕಿಕೊಂಡು ಚಪ್ಪರಿಸಿ ಕುಡಿಯತೊಡಗಿದಳು.

ಕಡೆಗೋಲು ಕೈಯಿಂದ ಜಾರಿತು. ಸಾಲು ಕಡ್ಡಿ, ಕರಿ ದಾರ, ಬಿಚ್ಚಬೇಡಿ ಎಂದು ಎರಡು ಸಲ ಹೇಳಿದ ಆ ಮನುಷ್ಯ, ಎಲ್ಲ ಒಟ್ಟಿಗೆ ನೆನಪಾದವು. ಕುತ್ತಿಗೆ ಮಡಿಸದಿರಲಿ ಎಂದು ಕಟ್ಟಿದ್ದ ಕಡ್ಡಿಗಳವು. ಮೊದಲ ವಾರ ಆ ಕೆಲಸವನ್ನು ಮೋಟು ಹಗ್ಗ ಮಾಡಿತ್ತು. ನಿಜ ಹೇಳಿದರೆ ಯಾರೂ ಕೊಳ್ಳುವುದಿಲ್ಲವೆಂದು ಅವನು ಬಾಯಿ ಬಿಟ್ಟಿರಲಿಲ್ಲ. ಅವನ ಮೇಲೆ ನನ್ನ ಅನುಮಾನ ಸರಿಯಾಗಿಯೇ ಇತ್ತು. ಅದನ್ನು ಇಟ್ಟುಕೊಂಡು ನಾನು ಮಾಡಿದ್ದೆಲ್ಲ ತಪ್ಪಾಗಿತ್ತು. ಮಗುವಿನ ಹಾಲನ್ನು ನೀರೊಲೆಗೆ ಹಾಕಿ ಸುಟ್ಟವಳು ನಾನೇ.

ಆ ಕ್ಷಣವೇ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮಂಡ್ಯಕ್ಕೆ ನಡೆದು, ರೈಲು ಹತ್ತಿ ಯಲಿಯೂರಿನಲ್ಲಿ ಇಳಿದೆ. ಅತ್ತಿಗೆಮ್ಮ ಮೈದುನನ ಮನೆಯ ಪಡಸಾಲೆಯಲ್ಲಿ ರಾಗಿ ಬೀಸುತ್ತಿದ್ದರು. ಪಕ್ಕದಲ್ಲಿ ಬೀಸಬೇಕಾದ ರಾಗಿ ಇನ್ನೂ ಎರಡು ಮೊರದಷ್ಟಿತ್ತು. ನನ್ನನ್ನು ನೋಡಿ ಕಲ್ಲು ನಿಲ್ಲಿಸಿ, "ಮಗೀಗೆ ಇವತ್ತು ಏನು ಕುಡ್ಸಿದ್ದೀಯೆ?" ಎಂದರು. ಮೊದಲ ಮಾತೇ ಅದು. ನಾನು ಅಲ್ಲೇ ಕುಸಿದು ಕೂತು, ಕಡ್ಡಿ ಸುಟ್ಟಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿ ಅತ್ತೆ. ಆಮೇಲೆ, ಕೇಳಬಾರದಿತ್ತು, ನನ್ನ ಗುಣ ಬಿಡಲಿಲ್ಲ, ಕೇಳಿಯೇಬಿಟ್ಟೆ.

"ನೀವು ತಗೊಂಡಿರ್ನಿಲ್ಲ ಅಂದ್ಮೇಲೆ ಆಣೆ ಯಾಕೆ ಮಾಡ್ನಿಲ್ಲ?"

ಅವರು ಗೌರಿಯನ್ನು ಎತ್ತಿಕೊಂಡು ಸೆರಗಿನಲ್ಲಿ ಅವಳ ಮೂಗು ಒರೆಸಿದರು. "ಒಂದಿನ ಆಲು ಉಳಿ ಬಂದದೇನೋ ಅಂತ ಬೆರಳದ್ದಿ ನಾಲ್ಗೆಗೆ ಮುಟ್ಸಿ ನೋಡಿದ್ದೆ ಕಣವ್ವ. ನೀನು ಒಂದು ತೊಟ್ಟೂ ಇಲ್ಲ ಅಂತ ಆಣೆ ಕೇಳ್ದೆ. ಆ ತೊಟ್ಟು ಓಗಿತ್ತಲ್ಲ ಬಾಯಿಗೆ. ಮಗೀನ ತಲೆ ಮ್ಯಾಲೆ ಎಂಗೆ ಕೈ ಮಡಗ್ಲಿ?"

ನಾನು ಮಗುವನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರು ಮಿಕ್ಕ ರಾಗಿಯನ್ನು ಬೀಸಿ ಮುಗಿಸಿಯೇ ನನ್ನ ಜೊತೆ ಹೊರಟರು.

ಮನೆಗೆ ಬಂದವರೇ ಬಿದಿರು ಸೀಳಿ ಚುಕ್ಕಿಯ ಕೊರಳಿಗೆ ಹೊಸ ಕಡ್ಡಿಸಾಲು ಹೆಣೆದು ಕಟ್ಟಿದರು. ನಾಲ್ಕು ದಿನಕ್ಕೆ ಚೊಂಬಿನ ಮೇಲೆ ಮತ್ತೆ ನೊರೆ ಕಂಡಿತು. ಗೌರಿ ಉಳಿದಳು. ಆದರೆ ಬಂದ ಮೊದಲ ಸಂಜೆಯೇ ಅತ್ತಿಗೆಮ್ಮ ಚೊಂಬು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತು, "ಬಾರವ್ವ, ಬಂದು ಕೂತ್ಕೊ, ಆಲು ಕರೀತೀನಿ" ಎಂದರು. ಹೋಗಿ ಕೂತೆ. ಮರುದಿನ ಬೆಳಗ್ಗೆಯೂ ನನ್ನನ್ನು ಕರೆದರು. ಸಂಜೆಯೂ ಕರೆದರು. ಒಲೆಯ ಮೇಲೆ ಮುದ್ದೆಗೆ ಎಸರಿದ್ದರೆ ಎಸರು ಇಳಿಯುವವರೆಗೆ ಕಾಯುತ್ತಿದ್ದರು, ನಾನಿಲ್ಲದೆ ಕೆಚ್ಚಲಿಗೆ ಕೈ ಹಾಕುತ್ತಿರಲಿಲ್ಲ. ಕೈ ಮುಗಿದು ಬೇಡವೆಂದೆ, ಕಾಲು ಹಿಡಿದೆ. "ನಂಗೆ ನಿನ್ ಮ್ಯಾಲೆ ಕ್ವಾಪ ಇಲ್ಲ ಕಣವ್ವ. ಇನ್ನೊಂದ್ಸಲ ಅಂಗೆ ಕೇಳುಸ್ಕೊಳಕ್ಕೆ ಆಗಕ್ಕಿಲ್ಲ, ಅಷ್ಟೇಯ" ಎಂದರು. ಕೋಪವಿದ್ದರೆ ಎಂದಾದರೂ ಇಳಿಯುತ್ತಿತ್ತು. ಸ್ವಾತಂತ್ರ್ಯ ಬಂದ ದಿನ ಊರೆಲ್ಲ ತಮಟೆ ಹೊಡೆದುಕೊಂಡು ಬೀದಿಯಲ್ಲಿದ್ದಾಗಲೂ ನಾನು ಹಿತ್ತಲಲ್ಲಿ ಅತ್ತಿಗೆಮ್ಮನ ಪಕ್ಕ ಕೂತು ಚೊಂಬಿಗೆ ಹಾಲು ಬೀಳುವುದನ್ನು ನೋಡುತ್ತಿದ್ದೆ. ಚುಕ್ಕಿ ಹೋಗಿ ಅವಳ ಮರಿಗಳ ಕಾಲ ಬಂದಾಗಲೂ ಹಾಗೇ. ಅತ್ತಿಗೆಮ್ಮನ ಕೈ ನಡುಗಿ ಕರೆಯುವುದನ್ನು ಬಿಟ್ಟ ಮೇಲೆಯೇ ಅದು ನಿಂತದ್ದು.

ಆ ಗೌರಿ ಈಗ ಮಳವಳ್ಳಿಯಲ್ಲಿ ಅಜ್ಜಿ. ಮೊಮ್ಮಕ್ಕಳಿಗೆ ಅವಳು ಒಂದು ಕತೆ ಹೇಳುತ್ತಾಳೆ. "ನಮ್ಮ ಸೋದರತ್ತೆ ಬಾಳ ಪುಕ್ಕಲು. ಒಂದು ಮೇಕೆ ಹಾಲು ಕರೆಯಕ್ಕೂ ಅಮ್ಮ ಪಕ್ಕದಲ್ಲಿ ಕೂತಿರ್ಬೇಕಿತ್ತು." ಚಿಕ್ಕಂದಿನಲ್ಲಿ ತಾನು ಕಂಡದ್ದಕ್ಕೆ ಅವಳೇ ಕಟ್ಟಿಕೊಂಡ ಅರ್ಥ ಅದು. ಮಕ್ಕಳು ನಗುತ್ತವೆ. ನಾನೂ ಎಷ್ಟೋ ಸಲ ಜೊತೆಗೆ ಕೂತು ನಕ್ಕಿದ್ದೇನೆ.

ಭಾನುವಾರ ಗೌರಿ ನನ್ನ ಕೆಮ್ಮು ವಿಚಾರಿಸಿಕೊಂಡು ಬರುತ್ತಾಳೆ. ಈ ಸಲ ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ನಿಮ್ಮತ್ತೆ ಪುಕ್ಕಲಾಗಿರಲಿಲ್ಲ ಕಣೆ, ನಾನು ಅವರನ್ನು ಕಳ್ಳಿ ಅಂದಿದ್ದೆ. ಆಮೇಲೆ ಅವಳು ನನ್ನನ್ನು ಹೇಗೆ ನೋಡುತ್ತಾಳೋ ನೋಡಲಿ.