ಇಗ್ಗಿಯ ಜಾಗಕ್ಕೆ ಬಂದ ಕೋಲ್ಮನ್

ಲಿಮೆರಿಕ್ಕಿನ ಹಂದಿಮಾಂಸದ ಕಾರ್ಖಾನೆಯಲ್ಲಿ ಕೋಲ್ಮನ್ ಟೂಹಿಗೆ ಕೆಲಸ ಕೊಡಿಸಿದವನು ಇಗ್ಗಿ ಲಾಹಿಫ್. ರಗ್ಬಿ ಕ್ಲಬ್ಬಿಗೆ ಕರೆದುಕೊಂಡು ಹೋದವನೂ ಅವನೇ. ಎಂಟೆಂಟು ಜನ ತಲೆ ತಗ್ಗಿಸಿ, ಭುಜಕ್ಕೆ ಭುಜ ಕೊಟ್ಟು ಎದುರಿನವರನ್ನು ತಳ್ಳುವ ಸ್ಕ್ರಮ್ಮಿನಲ್ಲಿ ಮುಂದಿನ ಸಾಲಿನ ನಡುವೆ ನಿಲ್ಲುವುದು ಇಬ್ಬರ ಕಸುಬೂ ಆಗಿತ್ತು. ಆ ಜಾಗಕ್ಕೆ ತಂಡಕ್ಕೊಬ್ಬನೇ ಸಾಕು. ಇಗ್ಗಿ ಐರ್ಲೆಂಡ್ ತಂಡದ ಪರ ಹನ್ನೊಂದು ಪಂದ್ಯ ಆಡಿದ. ಕೋಲ್ಮನ್ ಏಳು ವರ್ಷ ಎರಡನೇ ತಂಡದಲ್ಲಿ ಕೆಸರು ತಿಂದು, ಕೊನೆಗೆ ನದಿಯಾಚೆಯ ಕ್ಲಬ್ಬು ಸೇರಿದ.

ಅವನಿಗೆ ಮೂವತ್ತಾದಾಗ ಡಬ್ಲಿನ್ನಿನಿಂದ ಕರೆ ಬಂತು. ದೇಶದ ತಂಡ ಆರಿಸುವ ಪರೀಕ್ಷಾ ಪಂದ್ಯ. ಎದುರು ತಂಡದಲ್ಲಿ ಇಗ್ಗಿ.

ಅದಕ್ಕೆ ವಾರ ಮುಂಚೆ ಕಾರ್ಖಾನೆಯಲ್ಲಿ ಊಟಕ್ಕೆ ಕೂತಿದ್ದಾಗ ಇಗ್ಗಿ ಮೆಲ್ಲಗೆ ಹೇಳಿದ್ದ: "ಕತ್ತಿನ ಬಲಗಡೆ ಏಟು ಬಿದ್ರೆ ಕೈಯೆಲ್ಲ ಜುಂ ಅನ್ನತ್ತೆ ಕಣೋ. ಚಾಕು ಹಿಡಿದಿದ್ದೇ ಗೊತ್ತಾಗಲ್ಲ. ಯಾರಿಗೂ ಹೇಳ್ಬೇಡ. ಬ್ರೀಡಿಗೂ ಗೊತ್ತಿಲ್ಲ."

ಬ್ರೀಡಿ ಅವನ ಹೆಂಡತಿ.

"ನಾನ್ಯಾಕೆ ಹೇಳ್ಲಿ?" ಎಂದ ಕೋಲ್ಮನ್. ಕೊಟ್ಟ ಮಾತಿಗೆ ತಪ್ಪಲಿಲ್ಲ, ಯಾರಿಗೂ ಹೇಳಲಿಲ್ಲ.

ಪರೀಕ್ಷಾ ಪಂದ್ಯದ ಮೂರನೇ ಸ್ಕ್ರಮ್ಮಿನಲ್ಲಿ ಕೋಲ್ಮನ್ ತಲೆಯನ್ನು ಇಗ್ಗಿಯ ಕತ್ತಿನ ಬಲಗಡೆಗೇ ಇಟ್ಟು ಗುದ್ದಿದ. ಕೆಳಗಿನಿಂದ ಇಗ್ಗಿಯ ದನಿ ಬಂತು: "ಅಲ್ಲಿ ಬೇಡ ಕಣೋ." ನಾಲ್ಕನೆಯದರಲ್ಲಿ ಹಿಂದಿನ ಏಳು ಜನರ ಭಾರವನ್ನೂ ಸೇರಿಸಿಕೊಂಡು ಅಲ್ಲಿಗೇ ಗುದ್ದಿದ. ಎಲ್ಲರೂ ಎದ್ದರು. ಇಗ್ಗಿ ಏಳಲಿಲ್ಲ.

ಇಗ್ಗಿಯ ಬಲಗೈ ಆಮೇಲೆ ನೇತಾಡುವುದಕ್ಕಷ್ಟೇ ಉಳಿಯಿತು. ಕಾರ್ಖಾನೆಯವರು ಚಾಕು ಕಿತ್ತುಕೊಂಡು ಪೊರಕೆ ಕೊಟ್ಟರು, ಒಂದು ವರ್ಷವಾದ ಮೇಲೆ ಪೊರಕೆಯನ್ನೂ ಕಿತ್ತುಕೊಂಡರು. ಕೋಲ್ಮನ್ನನಿಗೆ ದೇಶದ ತಂಡದ ಹಸಿರು ಅಂಗಿ ಬಂತು. ನಾಲ್ಕು ಪಂದ್ಯ ಆಡಿದ.

ಹಳೆಯ ಕ್ಲಬ್ಬಿನ ಔತಣಗಳಲ್ಲಿ ಇಗ್ಗಿ ಹುಡುಕಿಕೊಂಡು ಬಂದು ಕೋಲ್ಮನ್ನನ ಪಕ್ಕದಲ್ಲೇ ಕೂರುತ್ತಿದ್ದ. ಮಾಂಸದ ತಟ್ಟೆಯನ್ನು ಅವನ ಮುಂದೆ ತಳ್ಳುತ್ತಿದ್ದ.

"ಕತ್ತರಿಸಿ ಕೊಡೋ. ಸಣ್ಣದಾಗಿ. ನಿನ್ನ ಕೈ ಚೆನ್ನಾಗಿದೆಯಲ್ಲ."

ಕೋಲ್ಮನ್ ಕತ್ತರಿಸುತ್ತಿದ್ದ. ಇಡೀ ಮೇಜು "ಎಂಥ ಸ್ನೇಹ ನೋಡ್ರಪ್ಪ" ಎನ್ನುತ್ತಿತ್ತು. ಇಗ್ಗಿ ಒಂದೊಂದೇ ತುಂಡನ್ನು ಅವನ ಮುಖ ನೋಡುತ್ತಲೇ ಅಗಿಯುತ್ತಿದ್ದ. ಆ ದಿನದ ಬಗ್ಗೆ ಒಮ್ಮೆಯೂ ಬಾಯಿ ಬಿಡಲಿಲ್ಲ.

ಐದನೇ ಪಂದ್ಯದ ತಂಡ ಪತ್ರಿಕೆಯಲ್ಲಿ ಬಂದ ದಿನ ಇಗ್ಗಿ ಪಬ್ಬಿನಲ್ಲಿ ಎದ್ದು ನಿಂತು ಹದಿನೈದು ಹೆಸರನ್ನೂ ಗಟ್ಟಿಯಾಗಿ ಓದಿದ.

"ನಿನ್ನ ಹೆಸರು ಅಚ್ಚಿನವರು ಬಿಟ್ಟಿರ್ಬೇಕು ಕೋಲ್ಮನ್. ತಡಿ, ಇನ್ನೊಂದ್ಸಲ ನೋಡ್ತೀನಿ." ಮತ್ತೆ ಮೊದಲಿನಿಂದ ಓದಿದ. ಯಾರೋ ನಕ್ಕರು. ಗ್ಲಾಸಿನಲ್ಲಿದ್ದ ಬಿಯರನ್ನು ಹಾಗೇ ಬಿಟ್ಟು ಕೋಲ್ಮನ್ ಹೊರಗೆ ನಡೆದ.

ಆ ಶನಿವಾರ ಆಯ್ಕೆ ಸಮಿತಿಯ ಗ್ಲೀಸನ್ನರ ಮನೆಗೆ ಹೋಗಿ, ಪಾದ್ರಿಗೂ ಹೇಳದಿದ್ದನ್ನು ಹೇಳಿದ. ಗ್ಲೀಸನ್ ಪೈಪು ತುಂಬುತ್ತಲೇ ಕೇಳಿಸಿಕೊಂಡರು.

"ಗೊತ್ತು ಕಣಯ್ಯ. ಅವತ್ತು ನಾನು ಮೈದಾನದ ಗೆರೆ ಪಕ್ಕದಲ್ಲೇ ನಿಂತಿದ್ದೆ. ಅಂಥ ಗುಂಡಿಗೆ ಇರೋನೇ ನಮಗೆ ಬೇಕಾಗಿದ್ದ."

"ಹಾಗಾದ್ರೆ ತೆಗೆದಿದ್ಯಾಕೆ ಸ್ವಾಮಿ?"

"ಆಮೇಲೆ ನೀನು ಒಬ್ಬರನ್ನೂ ನೋಯಿಸ್ಲಿಲ್ಲ. ಮೆತ್ತಗಾಗ್ಬಿಟ್ಟೆ."

ಕೋಲ್ಮನ್ ಮತ್ತೆ ರಗ್ಬಿ ಆಡಲಿಲ್ಲ. ಕಾರ್ಖಾನೆಗೆ ಹೋದ, ಬಂದ. ಔತಣಕ್ಕೆ ಕರೆದಾಗಲೆಲ್ಲ ಹೋಗಿ ಮಾಂಸ ಕತ್ತರಿಸಿಕೊಟ್ಟ. ಹೀಗೇ ಹದಿನೆಂಟು ವರ್ಷ ಕಳೆಯಿತು.

ಇಗ್ಗಿ ಹೃದಯ ನಿಂತು ಸತ್ತ. ಶವಪೆಟ್ಟಿಗೆ ಹೊರಲು ಹಳೆಯ ಆಟಗಾರರು ಚರ್ಚಿನ ಬಾಗಿಲಲ್ಲಿ ನಿಂತರು. ಕೋಲ್ಮನ್ ಕೋಟು ಸರಿಮಾಡಿಕೊಂಡು ಮುಂದೆ ಬಂದ. ಬ್ರೀಡಿ ಅಡ್ಡ ಬಂದಳು.

"ಹೊರೋಕೆ ಜನ ಆಗಿದ್ದಾರೆ."

"ಐದೇ ಜನ ಇದ್ದಾರಲ್ಲ ಬ್ರೀಡಿ. ಒಂದು ಕಡೆ ಭಾರ ಜಾಸ್ತಿ ಆಗತ್ತೆ."

"ಆಗ್ಲಿ," ಎಂದಳು ಅವಳು. "ಸಾಯೋಕೆ ಎರಡು ದಿನ ಮುಂಚೆ ಇವರು ನಂಗೆ ಎಲ್ಲ ಹೇಳಿದ್ರು."

ಐವರೇ ಎತ್ತಿದರು. ಪೆಟ್ಟಿಗೆ ಒಂದು ಕಡೆಗೆ ವಾಲಿತು. ಎರಡು ಸಲ ಅದನ್ನು ದಾರಿಯಲ್ಲೇ ಇಳಿಸಿ ಸುಧಾರಿಸಿಕೊಂಡರು. ಇಳಿಸಿದಾಗಲೆಲ್ಲ ಹಿಂದೆ ಬರುತ್ತಿದ್ದ ಊರಿನವರೂ ನಿಂತು, ಕೈಗಳೆರಡೂ ಖಾಲಿಯಿದ್ದ ಕೋಲ್ಮನ್ನನ ಕಡೆ ತಿರುಗಿ ನೋಡಿದರು.